ಸೂಕ್ಷ್ಮದರ್ಶಕ 1921ರಲ್ಲೇ ಬಂದಿತ್ತು. ತುಂಡಾದ ಬೆರಳು ಜೋಡಿಸಲು 1965ರವರೆಗೆ ಕಾಯಬೇಕಾದದ್ದು ಏಕೆ?

ಪ್ರಶ್ನೆ: ವಿಜ್ಞಾನ ಶಿಕ್ಷಕ, ಗಂಗಾವತಿ (ಕೊಪ್ಪಳ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಮ್ಮ ಪ್ರೌಢಶಾಲೆಯ ಒಂಬತ್ತು ಮತ್ತು ಹತ್ತನೆಯ ತರಗತಿಯ ಮಕ್ಕಳಿಗಾಗಿ ಮೈಕ್ರೋಸರ್ಜರಿಯ, ಅಂದರೆ ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಸಣ್ಣ ನಾಳ, ನರಗಳನ್ನು ಹೊಲಿಯುವ ಶಸ್ತ್ರಚಿಕಿತ್ಸೆಯ ಕುರಿತು ಒಂದು ಉಪನ್ಯಾಸವನ್ನು ಸಿದ್ಧಪಡಿಸುತ್ತಿದ್ದೇನೆ. ಗಂಗಾವತಿ, ಕಾರಟಗಿ, ಸಿಂಧನೂರು ಭಾಗದವರಿಗೆ ಇದು ದೂರದ ವಿಷಯವೇನಲ್ಲ. ಅಕ್ಕಿ ಗಿರಣಿಯ ಬೆಲ್ಟಿಗೆ, ಮೇವು ಕತ್ತರಿಸುವ ಯಂತ್ರಕ್ಕೆ, ರಾಶಿ ಮಾಡುವ ಯಂತ್ರಕ್ಕೆ ಸಿಕ್ಕು ಬೆರಳು ಕಳೆದುಕೊಂಡವರು ನಮ್ಮ ಮಕ್ಕಳ ಮನೆಗಳಲ್ಲೇ ಇದ್ದಾರೆ. ಕಳೆದ ವರ್ಷ ನಮ್ಮ ವಿದ್ಯಾರ್ಥಿಯೊಬ್ಬನ ತಂದೆಗೂ ಹೀಗೆಯೇ ಆಯಿತು. ತುಂಡಾದ ಹೆಬ್ಬೆರಳನ್ನು ಅವರು ಜೋಪಾನವಾಗಿ ತೆಗೆದುಕೊಂಡೇ ಹೋಗಿದ್ದರು. ಆದರೆ ಮೊದಲು ತೋರಿಸಿದ ಆಸ್ಪತ್ರೆಯಲ್ಲಿ ಅದನ್ನು ನೇರವಾಗಿ ಐಸ್ ತುಂಡುಗಳ ನಡುವೆ ಹೂತು ಕಳುಹಿಸಿದ್ದರಿಂದ, ಮುಂದಿನ ಊರಿನ ತಜ್ಞರು ಅದು ಹೆಪ್ಪುಗಟ್ಟಿ ಕೆಟ್ಟುಹೋಗಿದೆ, ಇನ್ನು ಜೋಡಿಸಲು ಬರುವುದಿಲ್ಲ ಎಂದು ಹೇಳಿದರಂತೆ. ಮಕ್ಕಳಿಗೆ ಇತಿಹಾಸದ ಜೊತೆಗೆ ಇಂಥ ತಿಳಿವಳಿಕೆಯನ್ನೂ ಕೊಡಬೇಕೆಂಬುದು ನನ್ನ ಆಸೆ.

ಓದುತ್ತ ಹೋದಾಗ ಒಂದು ಸಂಗತಿ ಬಗೆಹರಿಯದೆ ಉಳಿಯಿತು. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಕಾರ್ಲ್ ನೈಲೆನ್ ಎಂಬ ಕಿವಿ ತಜ್ಞರು 1921ರಲ್ಲಿಯೇ ಸೂಕ್ಷ್ಮದರ್ಶಕದ ಮೂಲಕ ನೋಡುತ್ತ ಶಸ್ತ್ರಚಿಕಿತ್ಸೆ ಮಾಡಿದ್ದರು. ಅದಕ್ಕೂ ಮೊದಲೇ, 1902ರಲ್ಲಿ, ಫ್ರಾನ್ಸಿನ ಅಲೆಕ್ಸಿಸ್ ಕ್ಯಾರೆಲ್ ಅವರು ತುಂಡಾದ ರಕ್ತನಾಳಗಳ ತುದಿಗಳನ್ನು ಹೊಲಿದು ಕೂಡಿಸುವ ವಿಧಾನವನ್ನು ಪ್ರಕಟಿಸಿದ್ದರು; ಆ ಕೆಲಸಕ್ಕೆ 1912ರಲ್ಲಿ ಅವರಿಗೆ ನೊಬೆಲ್ ಬಹುಮಾನವೂ ಬಂತು. ಹೊಲಿಯುವ ವಿದ್ಯೆಯೂ ಇತ್ತು, ದೊಡ್ಡದಾಗಿ ನೋಡುವ ಸಾಧನವೂ ಇತ್ತು ಎಂದ ಮೇಲೆ, ಪೂರ್ತಿ ತುಂಡಾದ ಹೆಬ್ಬೆರಳನ್ನು ಮೊದಲ ಬಾರಿಗೆ ಜೋಡಿಸಲು 1965ರವರೆಗೆ ಏಕೆ ಕಾಯಬೇಕಾಯಿತು? ಎರಡನೆಯದಾಗಿ, ಈಚಿನ ಪ್ರಗತಿಯಲ್ಲಿ ನಮ್ಮ ಭಾಗದ ಜನರಿಗೆ ನಿಜವಾಗಿ ಉಪಯೋಗವಾಗುವಂಥದ್ದು ಯಾವುದು? ಬಲ್ಲವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಪ್ಲಾಸ್ಟಿಕ್ ಸರ್ಜನ್, ಬಳ್ಳಾರಿ

ಗುರುಗಳೇ, ಮೊದಲ ಪ್ರಶ್ನೆಯನ್ನು ತಾವು ಸರಿಯಾದ ಜಾಗದಲ್ಲೇ ಹಿಡಿದಿದ್ದೀರಿ. ನಮ್ಮ ಪಠ್ಯಗಳಲ್ಲಿ 1921ರ ಹೆಸರು ಹೇಳಿ ನೇರವಾಗಿ 1960ರ ದಶಕಕ್ಕೆ ಹಾರುವ ರೂಢಿಯಿದೆ. ನಡುವಿನ ನಲವತ್ತು ವರ್ಷಗಳಲ್ಲಿ ಏನು ಕೊರತೆಯಿತ್ತು ಎಂಬುದನ್ನು ಹೇಳಿದರೆ ಮಾತ್ರ ಈ ವಿದ್ಯೆ ಏನೆಂದು ಮಕ್ಕಳಿಗೆ ಅರ್ಥವಾಗುತ್ತದೆ.

ನೈಲೆನ್ ಅವರ ಸೂಕ್ಷ್ಮದರ್ಶಕ ಒಂದೇ ಕಣ್ಣಿನಿಂದ ನೋಡುವಂಥದ್ದು. ಒಂದೇ ಕಣ್ಣಿನಲ್ಲಿ ನೋಡಿದಾಗ ಆಳ ತಿಳಿಯುವುದು ಕಷ್ಟ. ಮರು ವರ್ಷ ಅದೇ ಊರಿನ ಗುನ್ನಾರ್ ಹೋಲ್ಮ್‌ಗ್ರೆನ್ ಅವರು ಎರಡೂ ಕಣ್ಣುಗಳಿಂದ ನೋಡುವ ಸಾಧನವನ್ನು ಬಳಕೆಗೆ ತಂದರು. ಆದರೂ ಅವರಿಬ್ಬರ ಕೆಲಸ ಕಿವಿಯೊಳಗಿನ ಸಣ್ಣ ಎಲುಬುಗಳ ನಡುವೆ ಕೆರೆಯುವುದು, ರಂಧ್ರ ಮಾಡುವುದು, ಕೆಟ್ಟ ಭಾಗವನ್ನು ತೆಗೆಯುವುದು. ಅಲ್ಲಿ ಯಾವ ನಾಳವನ್ನೂ ಹೊಲಿಯಬೇಕಾಗಿರಲಿಲ್ಲ. ಇತ್ತ ಕ್ಯಾರೆಲ್ ಅವರ ವಿಧಾನ ಬಹಳ ಚೆಲುವಾದದ್ದು: ನಾಳದ ದುಂಡು ಬಾಯಿಗೆ ಮೂರು ಕಡೆ ಹೊಲಿಗೆ ಹಾಕಿ ಎಳೆದರೆ ಅದು ತ್ರಿಕೋನವಾಗುತ್ತದೆ, ಆಗ ಒಂದೊಂದು ನೇರ ಅಂಚನ್ನು ಹೊಲಿಯುವುದು ಸುಲಭವಾಗುತ್ತದೆ ಮತ್ತು ಸೂಜಿ ಎದುರು ಗೋಡೆಯನ್ನು ಹಿಡಿದುಬಿಡುವ ಅಪಾಯ ತಪ್ಪುತ್ತದೆ. ನಯವಾದ ಹೊಲಿಗೆಯನ್ನು ಅವರು ಲಿಯೋನ್ ನಗರದ ಕಸೂತಿಗಾರ್ತಿಯೊಬ್ಬರಿಂದ ಕಲಿತರೆಂಬುದು ಪ್ರಸಿದ್ಧ ಸಂಗತಿ. ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕಸೂತಿಯನ್ನು ನೋಡುತ್ತ ಬೆಳೆದ ನಮ್ಮ ಜಿಲ್ಲೆಯ ಮಕ್ಕಳಿಗೆ ಇದನ್ನು ತಪ್ಪದೆ ಹೇಳಿ. ಆದರೆ ಕ್ಯಾರೆಲ್ ಹೊಲಿದದ್ದು ಕೆಲವು ಮಿಲಿಮೀಟರ್ ಅಗಲದ ದೊಡ್ಡ ನಾಳಗಳನ್ನು. ಬೆರಳಿನ ಬುಡದಲ್ಲಿ ಅಪಧಮನಿ (ಹೃದಯದಿಂದ ರಕ್ತ ತರುವ ನಾಳ) ಸುಮಾರು 1 ಮಿಲಿಮೀಟರ್ ಮಾತ್ರ, ತುದಿಗೆ ಹೋದಂತೆ ಅದರ ಅರ್ಧ.

ಇಲ್ಲಿ ಭೌತಶಾಸ್ತ್ರ ಅಡ್ಡಬರುತ್ತದೆ. ಒತ್ತಡ ಒಂದೇ ಆಗಿದ್ದರೆ, ನಾಳದ ತ್ರಿಜ್ಯ ಅರ್ಧಕ್ಕೆ ಇಳಿದಾಗ ಅದರೊಳಗಿನ ಹರಿವು ಅರ್ಧಕ್ಕಲ್ಲ, ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ಪ್ವಾಸೆಯ ಈ ನಿಯಮವನ್ನು ತಾವು ಮಕ್ಕಳಿಗೆ ಬೇರೆ ಬೇರೆ ಅಗಲದ ಎರಡು ಕೊಳವೆಗಳಲ್ಲಿ ನೀರು ಹರಿಸಿ ತೋರಿಸಬಹುದು. ದೊಡ್ಡ ನಾಳದಲ್ಲಿ ಹೊಲಿಗೆಯ ಜಾಗ ಒಂದಿಷ್ಟು ಕಿರಿದಾದರೂ ನಡೆದುಹೋಗುತ್ತದೆ. ಒಂದು ಮಿಲಿಮೀಟರ್ ನಾಳದಲ್ಲಿ ಹೊರಪದರದ ಒಂದು ಎಳೆ ಒಳಗೆ ಸಿಕ್ಕಿಕೊಂಡರೂ, ಚಿಮಟದ ಹಿಡಿತಕ್ಕೆ ಒಳಪದರ ಜಜ್ಜಿದರೂ ಅಲ್ಲಿಗೆ ರಕ್ತವನ್ನು ಹೆಪ್ಪುಗಟ್ಟಿಸುವ ಬಿಲ್ಲೆಕಣಗಳು (ಪ್ಲೇಟ್‌ಲೆಟ್‌ಗಳು) ಬಂದು ಕೂಡುತ್ತವೆ, ಸ್ವಲ್ಪ ಹೊತ್ತಿನಲ್ಲಿ ನಾಳ ಮುಚ್ಚಿಹೋಗುತ್ತದೆ. ಹೊಲಿಗೆ ಹೊರಗಿನಿಂದ ನೋಡಲು ಚೆನ್ನಾಗಿದ್ದರೂ ಬೆರಳು ಮರುದಿನ ಕಪ್ಪಾಗುತ್ತದೆ. ಬರಿಗಣ್ಣಿಗೆ ಈ ದೋಷಗಳು ಕಾಣುವುದೇ ಇಲ್ಲ.

ನನ್ನ ದೃಷ್ಟಿಯಲ್ಲಿ ನಿಜವಾದ ತಿರುವು 1960. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಜೂಲಿಯಸ್ ಜೇಕಬ್ಸನ್ ಅವರಿಗೆ ಒಂದು ಔಷಧ ಸಂಶೋಧನೆಗಾಗಿ ಪ್ರಾಣಿಯ ಕತ್ತಿನ ಅಪಧಮನಿಯನ್ನು ಅದರ ನರಗಳಿಂದ ಬೇರ್ಪಡಿಸಬೇಕಾಗಿತ್ತು. ನಾಳವನ್ನು ಪೂರ್ತಿ ಕತ್ತರಿಸಿ ಮತ್ತೆ ಹೊಲಿಯುವುದೇ ಅದಕ್ಕೆ ಖಚಿತವಾದ ದಾರಿ ಎಂದು ಅವರಿಗೆ ತೋರಿತು. ಬರಿಗಣ್ಣಿನ ಹೊಲಿಗೆ ಕೈಕೊಟ್ಟಾಗ, ತಪ್ಪು ಕೈಯದಲ್ಲ, ಕಣ್ಣಿನದು ಎಂದು ಗುರುತಿಸಿ ಅವರು ಕಿವಿ ವಿಭಾಗದ ಸೂಕ್ಷ್ಮದರ್ಶಕವನ್ನು ತಂದುಕೊಂಡರು. ಅರ್ನೆಸ್ಟೊ ಸುವಾರೆಜ್ ಅವರೊಂದಿಗೆ 1960ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ 1.4 ಮಿಲಿಮೀಟರ್‌ನಷ್ಟು ಕಿರಿದಾದ ನಾಳಗಳೂ ಹೊಲಿಗೆಯ ನಂತರ ತೆರೆದೇ ಉಳಿದದ್ದರ ವರದಿಯಿದೆ. ಶಸ್ತ್ರಚಿಕಿತ್ಸಕರ ಚಿಮಟಗಳು ದಪ್ಪವಾದವೆಂದು ಅವರು ಅಕ್ಕಸಾಲಿಗರು ಬಳಸುವ ನಯವಾದ ಚಿಮಟಗಳನ್ನು ಕೈಗೆತ್ತಿಕೊಂಡರು. ಇಂದಿಗೂ ನಮ್ಮ ಮೇಜಿನ ಮೇಲೆ ಅದೇ ಮಾದರಿಯ ಚಿಮಟವಿದೆ.

ಇನ್ನೊಂದು ಕೊರತೆ ಸೂಜಿ ಮತ್ತು ದಾರ. ಸೂಜಿಯೇ ನಾಳದ ಗೋಡೆಗಿಂತ ದಪ್ಪವಾಗಿದ್ದರೆ ಅದು ಗೋಡೆಯನ್ನು ಹೊಲಿಯುವುದಿಲ್ಲ, ಹರಿದುಹಾಕುತ್ತದೆ. ಕ್ಯಾಲಿಫೋರ್ನಿಯಾದ ಹ್ಯಾರಿ ಬಂಕೆ ಅವರು ತಮ್ಮ ಮನೆಯ ಗ್ಯಾರೇಜನ್ನೇ ಪ್ರಯೋಗಾಲಯ ಮಾಡಿಕೊಂಡು, ವೈದ್ಯೆಯಾದ ಪತ್ನಿಯ ನೆರವಿನಿಂದ ಸೂಕ್ಷ್ಮ ಸೂಜಿದಾರಗಳನ್ನು ರೂಪಿಸಿದರು; ನೈಲಾನ್ ಎಳೆಯ ತುದಿಗೆ ಲೋಹದ ಲೇಪ ಕೊಟ್ಟು ಅದನ್ನೇ ಸೂಜಿಯಾಗಿಸುವ ಪ್ರಯತ್ನವೂ ಅವರದೇ. 1964ರಲ್ಲಿ ಮೊಲದ ಕಿವಿಯನ್ನು ಪೂರ್ತಿ ಬೇರ್ಪಡಿಸಿ, ಸುಮಾರು 1 ಮಿಲಿಮೀಟರ್ ನಾಳಗಳನ್ನು ಹೊಲಿದು ಅದನ್ನು ಉಳಿಸಿಕೊಂಡರು. 1966ರಲ್ಲಿ ಮಂಗವೊಂದರ ಕಾಲಿನ ಹೆಬ್ಬೆರಳನ್ನು ಅದರ ಕೈಗೆ ಸ್ಥಳಾಂತರಿಸಿದರು.

ಈ ನಡುವೆ 1962ರ ಮೇ ತಿಂಗಳಲ್ಲಿ ಬಾಸ್ಟನ್ನಿನಲ್ಲಿ ರೊನಾಲ್ಡ್ ಮಾಲ್ಟ್ ಅವರ ತಂಡ ರೈಲಿಗೆ ಸಿಕ್ಕು ತುಂಡಾಗಿದ್ದ ಹನ್ನೆರಡು ವರ್ಷದ ಬಾಲಕನ ತೋಳನ್ನು ಜೋಡಿಸಿತ್ತು. 1963ರ ಜನವರಿಯಲ್ಲಿ ಶಾಂಘೈನಲ್ಲಿ ಚೆನ್ ಝೋಂಗ್‌ವೇ ಅವರು ಕಾರ್ಮಿಕನೊಬ್ಬನ ಕೈಯನ್ನು ಮಣಿಕಟ್ಟಿನ ಮೇಲ್ಭಾಗದಲ್ಲಿ ಜೋಡಿಸಿದರು. ಇವೆರಡೂ ದೊಡ್ಡ ನಾಳಗಳ ಕೆಲಸ, ಸೂಕ್ಷ್ಮದರ್ಶಕವಿಲ್ಲದೆಯೇ ಸಾಧ್ಯವಾದವು. ಜಪಾನಿನ ನಾರಾದಲ್ಲಿ 1965ರ ಜುಲೈ 27ರಂದು ಕೊಮಾತ್ಸು ಮತ್ತು ತಮಾಯಿ ಅವರು ಪೂರ್ತಿ ತುಂಡಾದ ಹೆಬ್ಬೆರಳಿಗೆ ಅಪಧಮನಿಗಳನ್ನೂ ಅಭಿಧಮನಿಗಳನ್ನೂ ಸೂಕ್ಷ್ಮದರ್ಶಕದಡಿ ಹೊಲಿದು ಜೀವ ತಂದರು. ಅದರ ವರದಿ 1968ರಲ್ಲಿ ಪ್ರಕಟವಾಯಿತು. ಅಭಿಧಮನಿಯ ಮಾತನ್ನು ಒತ್ತಿ ಹೇಳುತ್ತೇನೆ. ರಕ್ತ ಬಂದರೆ ಸಾಲದು, ಮರಳಿ ಹೋಗಲು ದಾರಿ ಬೇಕು. ಇಲ್ಲದಿದ್ದರೆ ಬೆರಳು ರಕ್ತ ತುಂಬಿ ಸಾಯುತ್ತದೆ. ಅಭಿಧಮನಿಯ ಗೋಡೆ ಒದ್ದೆಯ ತೆಳು ಕಾಗದದಂತೆ ಮುದುಡಿಕೊಳ್ಳುವುದರಿಂದ ಅದನ್ನು ಹೊಲಿಯುವುದು ಅಪಧಮನಿಗಿಂತ ಕಷ್ಟ.

ಅಲ್ಲಿಂದ ಮುಂದೆ ಓಟ ವೇಗವಾಯಿತು. 1968ರಲ್ಲಿ ಇಂಗ್ಲೆಂಡಿನ ಈಸ್ಟ್ ಗ್ರಿನ್‌ಸ್ಟೆಡ್‌ನಲ್ಲಿ ಜಾನ್ ಕಾಬೆಟ್ ಅವರು ಹೆಬ್ಬೆರಳಿಲ್ಲದ ಕೈಗೆ ಕಾಲಿನ ಹೆಬ್ಬೆರಳನ್ನು ತಂದು ಕೂಡಿಸಿದರು. ಮಿದುಳಿನ ಶಸ್ತ್ರಚಿಕಿತ್ಸಕ ಗಾಜಿ ಯಾಶರ್ಗಿಲ್ ಅವರು ವರ್ಮಾಂಟ್‌ಗೆ ಹೋಗಿ ಈ ಹೊಲಿಗೆಯನ್ನು ಕಲಿತು, 1967ರಲ್ಲಿ ಜ್ಯೂರಿಚ್‌ನಲ್ಲಿ ನೆತ್ತಿಯ ಅಪಧಮನಿಯನ್ನು ಮಿದುಳಿನ ಅಪಧಮನಿಗೆ ಕೂಡಿಸಿದರು. ಎರಡನೆಯ ಪ್ರಶ್ನೆಗೆ ಮುಂದೆ ಪ್ರತ್ಯೇಕವಾಗಿ ಬರೆಯುತ್ತೇನೆ.

ಉತ್ತರ: ವೈದ್ಯಕೀಯ ಉಪಕರಣಗಳ ತಂತ್ರಜ್ಞ, ಬಳ್ಳಾರಿ

ಡಾಕ್ಟರ್ ಸಾಹೇಬರು ಹೇಳಿದ್ದಕ್ಕೆ ಉಪಕರಣದ ಕಡೆಯಿಂದ ಒಂದು ಸಂಗತಿಯನ್ನು ಸೇರಿಸಬೇಕು. 1921ರ ಸೂಕ್ಷ್ಮದರ್ಶಕಕ್ಕೂ 1960ರಲ್ಲಿ ಕೈಗೆ ಸಿಕ್ಕ ಸೂಕ್ಷ್ಮದರ್ಶಕಕ್ಕೂ ಹೆಸರು ಮಾತ್ರ ಒಂದೇ. ಜರ್ಮನಿಯ ಝೈಸ್ ಕಂಪನಿಯಲ್ಲಿ ಹಾನ್ಸ್ ಲಿಟ್‌ಮನ್ ಅವರು ರೂಪಿಸಿದ ಒಪಿಎಮ್‌ಐ 1 ಎಂಬ ಶಸ್ತ್ರಚಿಕಿತ್ಸಾ ಸೂಕ್ಷ್ಮದರ್ಶಕ 1953ರಲ್ಲಿ ಮಾರುಕಟ್ಟೆಗೆ ಬಂತು. ಅದರಲ್ಲಿ ಗುಂಡಿ ತಿರುಗಿಸಿ ವರ್ಧನೆಯನ್ನು ಬದಲಿಸಿದರೂ ಲೆನ್ಸಿನಿಂದ ಗಾಯಕ್ಕೆ ಇರುವ ದೂರ ಬದಲಾಗುವುದಿಲ್ಲ. ಅಂದರೆ ಕೈ ಮತ್ತು ಚಿಮಟಗಳಿಗೆ ಬೇಕಾದ ಜಾಗ ಯಾವಾಗಲೂ ಹಾಗೆಯೇ ಇರುತ್ತದೆ, ಮತ್ತೆ ಮತ್ತೆ ಫೋಕಸ್ ಮಾಡುತ್ತ ಕೂರಬೇಕಾಗಿಲ್ಲ. ಬೆಳಕು ನೋಟದ ದಾರಿಯ ಜೊತೆಗೇ ಇಳಿಯುವುದರಿಂದ ಆಳವಾದ ಗಾಯದಲ್ಲಿ ನೆರಳು ಬೀಳುವುದಿಲ್ಲ. ಇಡೀ ಯಂತ್ರ ಭಾರವಾದ ಕಂಬದ ಮೇಲೆ ಅಲುಗಾಡದೆ ನಿಲ್ಲುತ್ತದೆ. ಇವೆಲ್ಲ ಕೇಳಲು ಸಣ್ಣ ವಿಷಯಗಳು. ಗಂಟೆಗಟ್ಟಲೆ ಹೊಲಿಯುವವರಿಗೆ ಇವೇ ದೊಡ್ಡವು. ಬೆರಳು ಜೋಡಿಸುವಾಗ ಸಹಾಯಕರೂ ಅದೇ ದೃಶ್ಯವನ್ನು ಕಾಣಬೇಕು. ಜೇಕಬ್ಸನ್ ಅವರ ಒತ್ತಾಯದಿಂದಲೇ ಇಬ್ಬರು ಎದುರುಬದುರು ಕುಳಿತು ನೋಡುವ ಮಾದರಿ ತಯಾರಾಯಿತು.

ಮಕ್ಕಳಿಗೆ ಅಳತೆಯ ಅಂದಾಜು ಬೇಕಾದರೆ: 10-0 ಎಂದು ಕರೆಯುವ ನೈಲಾನ್ ದಾರದ ದಪ್ಪ 0.02ರಿಂದ 0.03 ಮಿಲಿಮೀಟರ್ ಇರುತ್ತದೆ, ನಮ್ಮ ತಲೆಗೂದಲು ಸುಮಾರು 0.07 ಮಿಲಿಮೀಟರ್. ವರ್ಧನೆ ಹೆಚ್ಚಿದಂತೆ ಕಾಣುವ ಜಾಗ ಕಿರಿದಾಗುತ್ತದೆ, ಸ್ಪಷ್ಟವಾಗಿ ಕಾಣುವ ಆಳವೂ ತೆಳುವಾಗುತ್ತದೆ, ಮತ್ತು ಅಲುಗಾಟವೂ ಅಷ್ಟೇ ಪಟ್ಟು ಹೆಚ್ಚಾಗಿ ಕಾಣುತ್ತದೆ. ಆದ್ದರಿಂದಲೇ ಶಸ್ತ್ರಚಿಕಿತ್ಸಕರು ಕುಳಿತು, ಮುಂಗೈಯನ್ನು ಮೇಜಿನ ಮೇಲೆ ಊರಿಕೊಂಡು, ಬೆರಳುಗಳನ್ನು ಮಾತ್ರ ಆಡಿಸುತ್ತಾರೆ. ಬಳ್ಳಾರಿಯ ಅದಿರಿನ ಧೂಳಿನಲ್ಲಿ ಲೆನ್ಸುಗಳನ್ನು ಕಾಪಾಡುವುದೂ ದಿನನಿತ್ಯದ ಕೆಲಸವೇ. ಹೊದಿಕೆ ಹಾಕದೆ ಬಿಟ್ಟ ಸೂಕ್ಷ್ಮದರ್ಶಕ ಬೇಗ ಮಂಜಾಗುತ್ತದೆ.

ಉತ್ತರ: ಶುಶ್ರೂಷಕಿ, ರಾಯಚೂರು

ಸರ್, ಶಸ್ತ್ರಚಿಕಿತ್ಸೆಗೆ ಮೊದಲು ಮತ್ತು ನಂತರ ನಡೆಯುವ ಕೆಲಸವನ್ನು ದಯವಿಟ್ಟು ತಮ್ಮ ಉಪನ್ಯಾಸದಲ್ಲಿ ಸೇರಿಸಿಕೊಳ್ಳಿ. ಬೆರಳು ಉಳಿಯುವುದು ಅರ್ಧ ಅದರಿಂದಲೇ.

ತುಂಡಾದ ಬೆರಳನ್ನು ಶುದ್ಧ ನೀರಿನಲ್ಲಿ ಅಥವಾ ಸಲೈನಿನಲ್ಲಿ ಮೆಲ್ಲಗೆ ತೊಳೆದು, ಸಲೈನಿನಲ್ಲಿ ನೆನೆಸಿ ಹಿಂಡಿದ ಶುಚಿಯಾದ ಬಟ್ಟೆಯಲ್ಲಿ ಸುತ್ತಬೇಕು. ಅದನ್ನು ಗಾಳಿ ನೀರು ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಬೇಕು. ಆ ಚೀಲವನ್ನು ಐಸ್ ಮತ್ತು ನೀರು ಬೆರೆಸಿದ ಇನ್ನೊಂದು ಚೀಲ ಅಥವಾ ಡಬ್ಬಿಯಲ್ಲಿ ಇಡಬೇಕು. ಐಸ್ ನೇರವಾಗಿ ತಾಗಿದರೆ ಜೀವಕೋಶಗಳೊಳಗಿನ ನೀರು ಹರಳುಗಟ್ಟಿ ಕೋಶಗಳು ಒಡೆಯುತ್ತವೆ. ತಮ್ಮ ವಿದ್ಯಾರ್ಥಿಯ ತಂದೆಗೆ ಆದದ್ದು ಇದೇ. ಬೆರಳನ್ನು ನೀರಿನಲ್ಲಿ ಮುಳುಗಿಸಿ ಇಡುವುದು, ಅರಿಸಿನ ಅಥವಾ ಕಾಫಿಪುಡಿ ಹಚ್ಚುವುದು ಕೂಡ ಬೇಡ. ಕೈಯ ಗಾಯಕ್ಕೆ ಶುಚಿಯಾದ ಬಟ್ಟೆಯಿಟ್ಟು ಗಟ್ಟಿಯಾಗಿ ಒತ್ತಿ ಹಿಡಿದು, ಕೈಯನ್ನು ಎತ್ತಿ ಇಡಬೇಕು. ಪೂರ್ತಿ ತುಂಡಾಗದೆ ಚರ್ಮದಲ್ಲಿ ನೇತಾಡುತ್ತಿದ್ದರೆ ಅದನ್ನು ಕತ್ತರಿಸಲೇಬಾರದು, ಆ ಸಣ್ಣ ಚರ್ಮದಲ್ಲಿಯೇ ಒಂದು ಅಭಿಧಮನಿ ಉಳಿದಿರಬಹುದು.

ಬೆರಳಿನಲ್ಲಿ ಮಾಂಸಖಂಡವಿಲ್ಲ, ಹೀಗಾಗಿ ಅದು ಹೆಚ್ಚು ಹೊತ್ತು ತಾಳುತ್ತದೆ. ತಂಪಿಲ್ಲದೆ ಇಟ್ಟರೆ ಸುಮಾರು 12 ಗಂಟೆ, ಸರಿಯಾಗಿ ತಂಪಾಗಿಟ್ಟರೆ 24 ಗಂಟೆಯವರೆಗೂ ಪ್ರಯತ್ನಿಸಬಹುದು. ಮುಂಗೈ ಅಥವಾ ತೋಳು ತುಂಡಾದರೆ ಅದರಲ್ಲಿ ಮಾಂಸಖಂಡ ಇರುವುದರಿಂದ ತಂಪಿಲ್ಲದೆ 6 ಗಂಟೆಯೇ ಮಿತಿ. ರಾಯಚೂರಿನಿಂದ ಹೈದರಾಬಾದಿಗೆ, ಕೊಪ್ಪಳದಿಂದ ಹುಬ್ಬಳ್ಳಿಗೆ, ಬಳ್ಳಾರಿಯಿಂದ ಬೆಂಗಳೂರಿಗೆ ಹೋಗುವ ಹೊತ್ತನ್ನು ಲೆಕ್ಕ ಹಾಕಿದರೆ ಬೆರಳಿಗೆ ಸಮಯ ಸಿಗುತ್ತದೆ, ತೋಳಿಗೆ ಬಹಳ ಕಡಿಮೆ. ಹೊರಡುವ ಮೊದಲೇ ಅಲ್ಲಿನ ಆಸ್ಪತ್ರೆಗೆ ಫೋನ್ ಮಾಡಿ, ಜೋಡಿಸುವ ತಜ್ಞರು ಅಂದು ಇದ್ದಾರೆಯೇ ಎಂದು ಕೇಳಿಕೊಳ್ಳುವುದು ಬಹಳ ಮುಖ್ಯ. ಇಲ್ಲದಿದ್ದರೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆಯುವುದರಲ್ಲಿ ಹೊತ್ತು ಕಳೆಯುತ್ತದೆ.

ಜೋಡಿಸಿದ ನಂತರ ಮೊದಲ ಎರಡು ಮೂರು ದಿನ ನಾವು ಗಂಟೆಗೊಮ್ಮೆ ಬೆರಳಿನ ಬಣ್ಣ, ಬಿಸಿ, ಉಬ್ಬು ನೋಡುತ್ತೇವೆ. ಉಗುರಿನ ಪಕ್ಕ ಒತ್ತಿ ಬಿಟ್ಟರೆ ಎರಡು ಸೆಕೆಂಡಿನ ಆಸುಪಾಸಿನಲ್ಲಿ ಕೆಂಪು ಮರಳಬೇಕು. ಬಿಳಿಚಿ ತಣ್ಣಗಾದರೆ ರಕ್ತ ಬರುತ್ತಿಲ್ಲ, ನೀಲಿಯಾಗಿ ಊದಿದರೆ ರಕ್ತ ಹೊರಹೋಗುತ್ತಿಲ್ಲ. ಎರಡರಲ್ಲಿ ಯಾವುದಾದರೂ ತಕ್ಷಣ ತಿಳಿಸಬೇಕು, ಬೇಗ ಮತ್ತೆ ಥಿಯೇಟರಿಗೆ ಒಯ್ದರೆ ಎಷ್ಟೋ ಬೆರಳುಗಳು ಉಳಿಯುತ್ತವೆ. ಅಭಿಧಮನಿ ಸಿಗದ ಬೆರಳಿಗೆ ಔಷಧಕ್ಕೆಂದೇ ಸಾಕಿದ ಜಿಗಣೆಯನ್ನು ಹಿಡಿಸುವುದುಂಟು; ಅದರ ಜೊಲ್ಲಿನಲ್ಲಿರುವ ಹಿರುಡಿನ್ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಕೋಣೆ ಬೆಚ್ಚಗಿರಬೇಕು. ಬೀಡಿ, ಸಿಗರೇಟು, ತಂಬಾಕು ಯಾವುದೂ ಕೂಡದು, ನಿಕೋಟಿನ್ ಸಣ್ಣ ನಾಳಗಳನ್ನು ಬಿಗಿಯುತ್ತದೆ. ರೋಗಿಯನ್ನು ನೋಡಲು ಬಂದ ಅಣ್ಣತಮ್ಮಂದಿರು ಮಂಚದ ಪಕ್ಕ ಬೀಡಿ ಹಚ್ಚುವುದನ್ನು ತಡೆಯಲು ನಾವು ಕಟ್ಟುನಿಟ್ಟಾಗಿಯೇ ಇರಬೇಕಾಗುತ್ತದೆ.

ಮರುಪ್ರಶ್ನೆ: ವಿಜ್ಞಾನ ಶಿಕ್ಷಕ, ಗಂಗಾವತಿ

ಮೂವರಿಗೂ ಹೃದಯಪೂರ್ವಕ ಧನ್ಯವಾದಗಳು. ಸಿಸ್ಟರ್ ಬರೆದದ್ದನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿ ನಮ್ಮ ಊರಿನ ಗಿರಣಿಗಳಲ್ಲಿ ಅಂಟಿಸಲು ಮಕ್ಕಳು ಈಗಾಗಲೇ ಒಪ್ಪಿದ್ದಾರೆ. ಡಾಕ್ಟರೇ, ಎಲ್ಲ ಬೆರಳುಗಳನ್ನೂ ಜೋಡಿಸಬಹುದೇ? ಈ ವಿದ್ಯೆ ಬೆರಳಿನ ಆಚೆಗೆ ಎಲ್ಲೆಲ್ಲಿ ಬಳಕೆಯಾಗುತ್ತದೆ? ಪತ್ರಿಕೆಗಳಲ್ಲಿ ಬರುವ ರೋಬಾಟ್ ಶಸ್ತ್ರಚಿಕಿತ್ಸೆಯ ಸುದ್ದಿಗಳಲ್ಲಿ ಎಷ್ಟು ಸತ್ವವಿದೆ?

ಉತ್ತರ: ಪ್ಲಾಸ್ಟಿಕ್ ಸರ್ಜನ್, ಬಳ್ಳಾರಿ

ಎಲ್ಲವನ್ನೂ ಜೋಡಿಸಲಾಗದು. ಹರಿತವಾದ ಅಲಗಿನಿಂದ ತುಂಡಾದ ಬೆರಳು ಜೋಡಣೆಗೆ ಅನುಕೂಲ. ನಮ್ಮ ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಬಟ್ಟೆ ಕತ್ತರಿಸುವ ಯಂತ್ರಕ್ಕೆ ಸಿಕ್ಕದ್ದು ಹೆಚ್ಚಾಗಿ ಹೀಗಿರುತ್ತದೆ. ಬೆಲ್ಟು ಅಥವಾ ಹಲ್ಲುಗಾಲಿಗೆ ಸಿಕ್ಕು ಕಿತ್ತುಬಂದ ಬೆರಳಿನಲ್ಲಿ ನಾಳಗಳು ಒಳಗಿನಿಂದಲೇ ಹರಿದಿರುತ್ತವೆ. ಮುಂಗೈಯಿಂದ ಅಭಿಧಮನಿಯ ತುಂಡನ್ನು ತೆಗೆದು ನಡುವೆ ಸೇರಿಸಿದರೂ ಯಶಸ್ಸು ಕಡಿಮೆ. ಹೆಬ್ಬೆರಳಿಗೆ ಮೊದಲ ಆದ್ಯತೆ, ಏಕೆಂದರೆ ಕೈಯ ಹಿಡಿತದ ಬಹುಪಾಲು ಅದರದೇ. ಹಲವು ಬೆರಳುಗಳು ಹೋದಾಗ ಮತ್ತು ಮಕ್ಕಳಲ್ಲಿ ಸಾಧ್ಯವಾದಷ್ಟೂ ಪ್ರಯತ್ನಿಸುತ್ತೇವೆ. ಬುಡದಲ್ಲಿ ತುಂಡಾದ ಒಂದೇ ಬೆರಳನ್ನು, ಅದು ಸೆಟೆದು ಉಳಿದು ಕೆಲಸಕ್ಕೆ ಅಡ್ಡಿಯಾಗುವ ಸಂಭವವಿದ್ದಾಗ, ಜೋಡಿಸದಿರುವುದೂ ಸರಿಯಾದ ತೀರ್ಮಾನವೇ. ತಿಂಗಳುಗಟ್ಟಲೆ ಕೂಲಿ ಬಿಟ್ಟು ಕೂರಲಾಗದವರ ಜೊತೆ ಇದನ್ನು ಬಿಡಿಸಿ ಮಾತಾಡಬೇಕು.

ಬೆರಳಿನ ಆಚೆಗೆ ನಮ್ಮ ಜಿಲ್ಲೆಗಳಿಗೆ ಅತಿ ಹೆಚ್ಚು ಬೇಕಾದದ್ದು, ನನ್ನ ಅನುಭವದಲ್ಲಿ, ದವಡೆಯ ಮರುನಿರ್ಮಾಣ. ಗುಟ್ಕಾ ಮತ್ತು ತಂಬಾಕಿನಿಂದ ಬಾಯಿಯ ಕ್ಯಾನ್ಸರ್ ಆದವರಿಗೆ ದವಡೆಯ ಎಲುಬನ್ನೇ ತೆಗೆಯಬೇಕಾಗುತ್ತದೆ. 1973ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಡೇನಿಯಲ್ ಮತ್ತು ಟೇಲರ್ ಅವರು ತೊಡೆಸಂದಿನ ಚರ್ಮವನ್ನು ಅದರ ನಾಳಗಳ ಸಮೇತ ಬೇರ್ಪಡಿಸಿ ಕಾಲಿನ ಗಾಯಕ್ಕೆ ಸ್ಥಳಾಂತರಿಸಿದರು. 1975ರಲ್ಲಿ ಟೇಲರ್ ಅವರ ತಂಡ ಮೊಣಕಾಲಿನ ಕೆಳಗೆ ಹೊರಬದಿಯಲ್ಲಿರುವ ತೆಳ್ಳಗಿನ ಫಿಬ್ಯುಲಾ ಎಲುಬನ್ನು ಹೀಗೆಯೇ ಸಾಗಿಸಿತು. 1989ರಲ್ಲಿ ನ್ಯೂಯಾರ್ಕಿನ ಡೇವಿಡ್ ಹಿಡಾಲ್ಗೊ ಅವರು ಆ ಎಲುಬನ್ನು ಅಲ್ಲಲ್ಲಿ ಕೊರೆದು ಬಾಗಿಸಿ ದವಡೆಯ ಆಕಾರಕ್ಕೆ ತಂದು ಕೂಡಿಸಿದ ವರದಿಯನ್ನು ಪ್ರಕಟಿಸಿದರು. ಫಿಬ್ಯುಲಾ ಹೋದರೂ ಮನುಷ್ಯ ನಡೆಯಬಲ್ಲ, ದೇಹದ ಭಾರವನ್ನು ಹೊರುವುದು ಪಕ್ಕದ ದಪ್ಪ ಎಲುಬು. ಇಂದು ಸಿಟಿ ಸ್ಕ್ಯಾನಿನ ಆಧಾರದ ಮೇಲೆ ಎಲ್ಲಿ ಕೊಯ್ಯಬೇಕೆಂಬುದನ್ನು ಕಂಪ್ಯೂಟರಿನಲ್ಲಿ ಮೊದಲೇ ನಿರ್ಧರಿಸಿ, ಅದಕ್ಕೆ ತಕ್ಕ ಅಚ್ಚನ್ನು ತ್ರೀಡಿ ಮುದ್ರಣದಲ್ಲಿ ತಯಾರಿಸಿಕೊಳ್ಳುತ್ತಾರೆ. ಅಗಿಯಲು, ಮಾತಾಡಲು, ನಾಲ್ಕು ಜನರೆದುರು ಕೂರಲು ಮತ್ತೆ ಧೈರ್ಯ ಬಂದವರನ್ನು ಕಂಡಾಗ ಈ ವಿದ್ಯೆಯ ಬೆಲೆ ತಿಳಿಯುತ್ತದೆ.

ಎರಡನೆಯದು ಬೈಕ್ ಅಪಘಾತ. ಕತ್ತಿನಿಂದ ತೋಳಿಗೆ ಬರುವ ನರಗಳ ಗೊಂಚಲು ಕಿತ್ತುಹೋದರೆ ಕೈ ಸೋತು ನೇತಾಡುತ್ತದೆ. ಕತ್ತರಿಸಿದ ನರ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ. ನರ ತಲುಪುವ ಹೊತ್ತಿಗೆ ಮಾಂಸಖಂಡ ಬಡಕಲಾಗಿ ಹೋಗಿರುತ್ತದೆ. ಇದಕ್ಕೆ ಪ್ಯಾರಿಸ್ಸಿನ ಕ್ರಿಸ್ಟೋಫ್ ಒಬರ್ಲಿನ್ ಅವರು 1994ರಲ್ಲಿ ಸರಳವಾದ ಪರಿಹಾರ ತೋರಿಸಿದರು: ಅಂಗೈಗೆ ಹೋಗುವ ಉಲ್ನಾರ್ ನರದ ಕೆಲವು ಎಳೆಗಳನ್ನು ಮಾತ್ರ ಬಿಡಿಸಿಕೊಂಡು, ಮೊಣಕೈ ಮಡಚುವ ಮಾಂಸಖಂಡದ ನರಕ್ಕೆ ಅತಿ ಸಮೀಪದಲ್ಲಿ ಹೊಲಿಯುವುದು. ಕೈ ಬಾಯಿಗೆ ಹೋಗುವಂತಾಗುತ್ತದೆ. ಆದರೆ ಅಪಘಾತವಾದ ಆರು ತಿಂಗಳೊಳಗೆ ಬಂದರೇ ಹೆಚ್ಚು ಲಾಭ. ನಮ್ಮಲ್ಲಿಗೆ ಎಷ್ಟೋ ಹುಡುಗರು ಎಲುಬು ಕೂಡಿದ ಮೇಲೆ ತಾನಾಗಿ ಸರಿಹೋದೀತೆಂದು ಕಾದು, ವರ್ಷ ಕಳೆದು ಬರುತ್ತಾರೆ. ಇದು ನನ್ನನ್ನು ಬಹಳ ನೋಯಿಸುವ ಸಂಗತಿ.

ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೇಲೆ ಮಗುವನ್ನು ಕಳೆದುಕೊಂಡ ತಾಯಂದಿರಿಗೆ ಗರ್ಭನಾಳಗಳನ್ನು ಮತ್ತೆ ಜೋಡಿಸುವುದೂ ಮೈಕ್ರೋಸರ್ಜರಿಯೇ. ಕೈಯನ್ನೇ ಕಸಿ ಮಾಡುವ ಕೆಲಸ 1998ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ನಡೆಯಿತು. ಭಾರತದಲ್ಲಿ ಮೊದಲ ಬಾರಿಗೆ 2015ರಲ್ಲಿ ಕೊಚ್ಚಿಯ ಅಮೃತಾ ಸಂಸ್ಥೆಯಲ್ಲಿ, ಡಾ. ಸುಬ್ರಮಣಿಯ ಅಯ್ಯರ್ ಅವರ ತಂಡದಿಂದ ಆಯಿತು. ಕೈ ಕಸಿ ಮಾಡಿಸಿಕೊಂಡವರು ಜೀವನವಿಡೀ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳನ್ನು ತೆಗೆದುಕೊಳ್ಳಬೇಕು, ಆದ್ದರಿಂದ ಅದು ಎಲ್ಲರಿಗೂ ಸಲ್ಲುವ ದಾರಿಯಲ್ಲ.

ರೋಬಾಟಿನ ವಿಷಯ. ನೆದರ್ಲೆಂಡ್ಸ್‌ನಲ್ಲಿ ಮೈಕ್ರೋಸರ್ಜರಿಗೆಂದೇ ತಯಾರಿಸಿದ ಮೂಸಾ ಎಂಬ ರೋಬಾಟಿನಿಂದ ರೋಗಿಗಳಲ್ಲಿ ನಾಳ ಹೊಲಿದ ಮೊದಲ ವರದಿ 2020ರಲ್ಲಿ ಪ್ರಕಟವಾಯಿತು; ಇಟಲಿಯ ಸಿಮಾನಿ ಎಂಬುದಕ್ಕೆ 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿ ಸಿಕ್ಕಿತು. ಇವು ತಾವಾಗಿಯೇ ಹೊಲಿಯುವುದಿಲ್ಲ. ಶಸ್ತ್ರಚಿಕಿತ್ಸಕರ ಕೈಯ ನಡುಕವನ್ನು ಸೋಸಿ, ದೊಡ್ಡ ಚಲನೆಯನ್ನು ಸಣ್ಣದಾಗಿಸಿ ಚಿಮಟಕ್ಕೆ ತಲುಪಿಸುತ್ತವೆ. ಅರ್ಧ ಮಿಲಿಮೀಟರಿಗಿಂತ ಕಿರಿದಾದ ನಾಳಗಳಲ್ಲಿ ಇದರಿಂದ ಪ್ರಯೋಜನವಿದೆ ಎಂದು ನಂಬುತ್ತೇನೆ. ಆದರೆ ಬೆಲೆ ದೊಡ್ಡದು, ವೇಗ ಕಡಿಮೆ. ನಮ್ಮ ಭಾಗದಲ್ಲಿ ಅದೇ ಹಣದಿಂದ ಒಂದು ಒಳ್ಳೆಯ ಸೂಕ್ಷ್ಮದರ್ಶಕವನ್ನು ಕೊಂಡು, ಯುವ ವೈದ್ಯರಿಗೆ ಕೋಳಿಯ ತೊಡೆಯ ನಾಳಗಳ ಮೇಲೆ ಕೈ ಪಳಗಿಸುವ ಪ್ರಯೋಗಾಲಯವನ್ನು ಕಟ್ಟಿದರೆ, ಹೆಚ್ಚು ಬೆರಳುಗಳು ಉಳಿದಾವು. ಕೊಯಮತ್ತೂರಿನ ಗಂಗಾ ಆಸ್ಪತ್ರೆಯಂಥ ಕಡೆಗಳಲ್ಲಿ ಕೈ ಶಸ್ತ್ರಚಿಕಿತ್ಸೆ ಬೆಳೆದ ಬಗೆಯನ್ನು ಕಂಡವರಿಗೆ, ತರಬೇತಿ ಹೊಂದಿದ ತಂಡ ಹಗಲಿರುಳು ಸಿದ್ಧವಾಗಿರುವುದರ ಮಹತ್ವ ಗೊತ್ತಿದೆ.

ಪ್ರಶ್ನೆ: ಓದುಗರೊಬ್ಬರು, ಮಾನ್ವಿ (ರಾಯಚೂರು ಜಿಲ್ಲೆ)

ಡಾಕ್ಟರ್ ಅವರಿಗೆ ನಮಸ್ಕಾರ. ಅರ್ಧ ಮಿಲಿಮೀಟರಿಗಿಂತ ಕಿರಿದಾದ ನಾಳಗಳೆಂದು ಬರೆದಿದ್ದೀರಿ. ಆನೆಕಾಲು ರೋಗಕ್ಕೆ ಇಂಥ ಶಸ್ತ್ರಚಿಕಿತ್ಸೆ ಇದೆಯೆಂದು ಕೇಳಿದ್ದೇನೆ. ನಮ್ಮ ಮನೆಯ ಹಿರಿಯರೊಬ್ಬರ ಕಾಲು ಹಲವು ವರ್ಷಗಳಿಂದ ಬಾತುಕೊಂಡು ಚರ್ಮ ಗಟ್ಟಿಯಾಗಿದೆ. ಅವರಿಗೆ ಇದರಿಂದ ಉಪಯೋಗವಾದೀತೇ?

ಉತ್ತರ: ಪ್ಲಾಸ್ಟಿಕ್ ಸರ್ಜನ್, ಬಳ್ಳಾರಿ

ಇದೆ. ಜಪಾನಿನ ಇಸಾವೊ ಕೋಶಿಮಾ ಅವರು 0.3ರಿಂದ 0.8 ಮಿಲಿಮೀಟರ್ ಅಗಲದ ನಾಳಗಳನ್ನು ಹೊಲಿಯುವ ಕ್ರಮವನ್ನು ಬೆಳೆಸಿದರು. ಅದನ್ನು ಸೂಪರ್ ಮೈಕ್ರೋಸರ್ಜರಿ ಎನ್ನುತ್ತಾರೆ. ಮುಚ್ಚಿಹೋದ ದಾರಿಯ ಬದಲು ದುಗ್ಧನಾಳವನ್ನು (ಅಂಗಾಂಶಗಳಲ್ಲಿ ಸೇರುವ ದುಗ್ಧರಸವೆಂಬ ದ್ರವವನ್ನು ಒಯ್ಯುವ ನಾಳ) ಪಕ್ಕದ ಸಣ್ಣ ಅಭಿಧಮನಿಗೆ ಕೂಡಿಸಿದರೆ, ಕಾಲಿನಲ್ಲಿ ನಿಂತ ದುಗ್ಧರಸ ರಕ್ತಕ್ಕೆ ಹರಿದುಹೋಗುತ್ತದೆ. ಇಂಡೊಸಯನಿನ್ ಗ್ರೀನ್ ಎಂಬ ಬಣ್ಣವನ್ನು ಚರ್ಮದಡಿ ಚುಚ್ಚಿ, ಅತಿಗೆಂಪು ಕ್ಯಾಮೆರಾದಲ್ಲಿ ನೋಡಿದಾಗ ಇನ್ನೂ ಕೆಲಸ ಮಾಡುತ್ತಿರುವ ದುಗ್ಧನಾಳಗಳು ಹೊಳೆಯುವ ಗೆರೆಗಳಾಗಿ ಕಾಣುತ್ತವೆ. ಹೊಲಿಗೆ ಎಲ್ಲಿ ಹಾಕಬೇಕೆಂಬುದು ಅದರಿಂದಲೇ ನಿರ್ಧಾರವಾಗುತ್ತದೆ. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ನಂತರ ಕೈ ಬಾತುಕೊಂಡವರಿಗೂ ಇದನ್ನು ಮಾಡುತ್ತಾರೆ.

ಆದರೆ ತಾವು ಹೇಳುವಂತೆ ಚರ್ಮ ಗಟ್ಟಿಯಾಗಿದ್ದರೆ, ಒಳಗಿನ ದುಗ್ಧನಾಳಗಳು ನಾರಾಗಿ ಮುಚ್ಚಿರುವ ಸಂಭವವೇ ಹೆಚ್ಚು. ಆಗ ಹೊಲಿಯಲು ಒಳ್ಳೆಯ ನಾಳ ಸಿಗುವುದಿಲ್ಲ, ಮತ್ತು ಹೆಚ್ಚಿದ ಅಂಗಾಂಶವನ್ನು ಕೊಯ್ದು ತೆಗೆಯುವ ಹಳೆಯ ವಿಧಾನವನ್ನೇ ಯೋಚಿಸಬೇಕಾಗುತ್ತದೆ. ಬೆರಳಿನಿಂದ ಒತ್ತಿದಾಗ ಗುಳಿ ಬೀಳುವ, ರಾತ್ರಿ ಮಲಗಿ ಎದ್ದಾಗ ಬಾವು ತಗ್ಗುವ ಹಂತದಲ್ಲಿರುವವರಿಗೆ ಈ ಶಸ್ತ್ರಚಿಕಿತ್ಸೆ ಹೆಚ್ಚು ಫಲ ಕೊಡುತ್ತದೆ. ಹಿರಿಯರ ಕಾಲನ್ನು ದಿನವೂ ಸಾಬೂನಿನಿಂದ ತೊಳೆದು, ಬೆರಳ ಸಂದುಗಳನ್ನು ಒಣಗಿಸಿ, ಬಿರುಕುಗಳಿಗೆ ಮುಲಾಮು ಹಚ್ಚಿ, ಕುಳಿತಾಗ ಕಾಲನ್ನು ಎತ್ತರಿಸಿ ಇಡಿಸಿ. ಜ್ವರದೊಂದಿಗೆ ಕಾಲು ಕೆಂಪಾಗುವುದು ಇದರಿಂದ ಕಡಿಮೆಯಾಗುತ್ತದೆ, ಮತ್ತು ಅಂಥ ಪ್ರತಿಯೊಂದು ಜ್ವರವೂ ಉಳಿದ ದುಗ್ಧನಾಳಗಳನ್ನು ಇನ್ನಷ್ಟು ಹಾಳುಮಾಡುತ್ತದೆ. ಮನೆಯಲ್ಲಿ ಬೇರೆ ಯಾರಿಗಾದರೂ ಬಾವು ಈಗಷ್ಟೇ ಕಾಣಿಸಿಕೊಂಡಿದ್ದರೆ ತಡಮಾಡದೆ ತೋರಿಸಿ, ಮತ್ತು ಆರೋಗ್ಯ ಇಲಾಖೆಯವರು ಆನೆಕಾಲು ರೋಗ ತಡೆಗೆ ಮಾತ್ರೆಗಳನ್ನು ಮನೆಗೆ ತಂದು ಕೊಟ್ಟಾಗ ಅವರ ಸೂಚನೆಯಂತೆ ಅವರೆದುರೇ ನುಂಗಿರಿ.